ಎಂಬೆಡೆಡ್ ಬ್ರೌಸರ್‌ನಲ್ಲಿ ಕನ್ನಡ ಗ್ರಾಫ್ ಕೆಟ್ಟಾಗ: ನೆರವು ಕೇಳುವ ಮತ್ತು ನೀಡುವ ಕ್ರಮ

ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿ ತೋಟಗಳಿಗೆ ಮಳೆ ಲೆಕ್ಕ, ಹಾಜರಿ, ಬಟವಾಡೆಯ ತಂತ್ರಾಂಶ ಬರೆದುಕೊಡುವವರಿಗೆ ಪಕ್ಕದಲ್ಲೇ ಇನ್ನೊಬ್ಬ ಪ್ರೋಗ್ರಾಮರ್ ಸಿಗುವುದು ಅಪರೂಪ. ಮೂಡಿಗೆರೆಯಲ್ಲಿ ಕುಳಿತವರು ಹಾಸನದ ಸ್ನೇಹಿತರಿಗೆ ಸಂದೇಶದಲ್ಲೇ ತೊಡಕನ್ನು ವಿವರಿಸಬೇಕಾಗುತ್ತದೆ. ಮಳೆಯ ಗ್ರಾಫ್ ಬರುತ್ತಿಲ್ಲ ಎಂದಷ್ಟೇ ಬರೆದರೆ ಯಾರೂ ಉತ್ತರಿಸಲಾರರು. ದೋಷವು ಸ್ಕ್ರಿಪ್ಟ್‌ನಲ್ಲಿರಬಹುದು, ಚಿತ್ರ ಬಿಡಿಸುವ ಕ್ಯಾನ್ವಾಸ್‌ನಲ್ಲಿರಬಹುದು, ಅಥವಾ ಪುಟವನ್ನು ತನ್ನೊಳಗೆ ತೋರಿಸುವ ಎಂಬೆಡೆಡ್ ಬ್ರೌಸರ್‌ನಲ್ಲಿರಬಹುದು. ಈ ಮೂರನ್ನು ಬೇರ್ಪಡಿಸಿಕೊಂಡ ಮೇಲೆಯೇ ನೆರವು ಕೇಳಬೇಕು.

ಮೊದಲು ಅದೇ ಪುಟವನ್ನು ಸಾಮಾನ್ಯ ಕ್ರೋಮ್‌ನಲ್ಲಿ ತೆರೆಯಿರಿ. ಅಲ್ಲಿಯೂ ಕೆಟ್ಟರೆ ನಿಮ್ಮ ಕೋಡನ್ನೇ ನೋಡಬೇಕು. ಅಲ್ಲಿ ಸರಿಯಿದ್ದು ತಂತ್ರಾಂಶದೊಳಗೆ ಮಾತ್ರ ಕೆಟ್ಟರೆ ಎಂಬೆಡೆಡ್ ಬ್ರೌಸರ್ ಕಡೆಗೆ ತಿರುಗಬೇಕು. ಆಂಡ್ರಾಯ್ಡ್‌ನ ಎಂಬೆಡೆಡ್ ಬ್ರೌಸರ್ ಆದ ವೆಬ್‌ವ್ಯೂನಲ್ಲಿ ಜಾವಾಸ್ಕ್ರಿಪ್ಟ್ ಮತ್ತು ಲೋಕಲ್ ಸ್ಟೋರೇಜ್ (ಪುಟವು ಫೋನಿನಲ್ಲೇ ಮಾಹಿತಿ ಉಳಿಸಿಕೊಳ್ಳುವ ಜಾಗ) ಎರಡೂ ಮೊದಲಿಗೆ ಮುಚ್ಚಿರುತ್ತವೆ, ಅವನ್ನು ನಾವೇ ತೆರೆಯಬೇಕು. 2014ರ ಆಂಡ್ರಾಯ್ಡ್ 5.0ರಿಂದ ವೆಬ್‌ವ್ಯೂ ಪ್ರತ್ಯೇಕವಾಗಿ ಅಪ್‌ಡೇಟ್ ಆಗುವುದರಿಂದ, ಆಂಡ್ರಾಯ್ಡ್ ಆವೃತ್ತಿ ಒಂದೇ ಆಗಿರುವ ಎರಡು ಫೋನ್‌ಗಳಲ್ಲಿಯೂ ಬ್ರೌಸರ್ ಬೇರೆ ಬೇರೆಯಾಗಿರಬಹುದು. ವಿಂಡೋಸ್‌ನ ಹಳೆಯ ವೆಬ್‌ಬ್ರೌಸರ್ ಕಂಟ್ರೋಲ್ ಬಳಸಿದ್ದರಂತೂ ಅದು ತಾನಾಗಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 7ರಂತೆ ನಡೆದುಕೊಳ್ಳುತ್ತದೆ; ಅಲ್ಲಿ ಹೊಸ ಸ್ಕ್ರಿಪ್ಟನ್ನು ತಿದ್ದುತ್ತಾ ಕೂರುವುದಕ್ಕಿಂತ ಮೈಕ್ರೋಸಾಫ್ಟ್‌ನ ಹೊಸ ಎಂಬೆಡೆಡ್ ಬ್ರೌಸರ್ ವೆಬ್‌ವ್ಯೂ2ಕ್ಕೆ ಬದಲಾಯಿಸುವುದೇ ಲೇಸು.

ಬಳಿಕ ಬ್ರೌಸರ್ ತನ್ನ ದೋಷ ಸಂದೇಶಗಳನ್ನು ಬರೆಯುವ ಕನ್ಸೋಲ್ ನೋಡಬೇಕು. ವೆಬ್‌ವ್ಯೂನಲ್ಲಿ ಡಿಬಗ್ಗಿಂಗ್ ಆನ್ ಮಾಡಿ, ಫೋನನ್ನು ಯುಎಸ್‌ಬಿ ಮೂಲಕ ಜೋಡಿಸಿ, ಕಂಪ್ಯೂಟರಿನ ಕ್ರೋಮ್‌ನ ಇನ್‌ಸ್ಪೆಕ್ಟ್ ಪುಟದಿಂದ (chrome://inspect) ಅದನ್ನು ತೆರೆಯಬಹುದು. ಕಂಪ್ಯೂಟರ್ ತಂತ್ರಾಂಶಗಳೊಳಗೆ ಕ್ರೋಮಿಯಂ ಬ್ರೌಸರನ್ನು ಕೂಡಿಸುವ ಕ್ರೋಮಿಯಂ ಎಂಬೆಡೆಡ್ ಫ್ರೇಮ್‌ವರ್ಕ್ ಆದರೆ ರಿಮೋಟ್ ಡಿಬಗ್ಗಿಂಗ್ ಪೋರ್ಟ್ ಕೊಡಬೇಕು; ರೂಢಿಯಲ್ಲಿ ಅದು 9222. ಕನ್ಸೋಲ್‌ನಲ್ಲಿ ಕಾಣುವ ಕೆಂಪು ದೋಷ ಸಾಲುಗಳಲ್ಲಿ ಮೊದಲನೆಯದನ್ನು ಪೂರ್ತಿ ನಕಲಿಸಿಕೊಳ್ಳಿ, ಏಕೆಂದರೆ ನಂತರದವು ಎಷ್ಟೋ ಬಾರಿ ಅದರ ಪರಿಣಾಮಗಳಷ್ಟೇ.

ಕ್ಯಾನ್ವಾಸ್ ಮೇಲೆ ಕನ್ನಡ ಬರೆಯುವಾಗಿನ ತೊಡಕುಗಳಿಗೆ ಹೆಚ್ಚು ಗಮನ ಬೇಕು. ಇಂಗ್ಲಿಷ್ ಮಾದರಿಗಳನ್ನು ನಕಲಿಸಿದ ಕೋಡ್ ಎಡವುವುದು ಇಲ್ಲಿಯೇ. ಚಿಕ್ಕಮಗಳೂರು ಎಂಬ ಹೆಸರಿನಲ್ಲಿ ಓದುವ ಕಣ್ಣಿಗೆ 6 ಅಕ್ಷರಗಳು ಕಾಣುತ್ತವೆ, ಜಾವಾಸ್ಕ್ರಿಪ್ಟ್ ಮಾತ್ರ ಅದರ ಉದ್ದವನ್ನು 11 ಎನ್ನುತ್ತದೆ. ಗುಣಿತದ ಚಿಹ್ನೆಗಳನ್ನೂ, ಒತ್ತಕ್ಷರದ ನಡುವಿನ ಅರ್ಧಾಕ್ಷರ ಚಿಹ್ನೆಯನ್ನೂ (್) ಅದು ಬೇರೆಬೇರೆಯಾಗಿ ಎಣಿಸುತ್ತದೆ. ಆದ್ದರಿಂದ ಅಕ್ಷರಗಳ ನಡುವೆ ಅಂತರ ಕೊಡಲೆಂದು ಪದವನ್ನು ಒಂದೊಂದಾಗಿ ಒಡೆದು ಬರೆದರೆ ಕಕಾರದ ಒತ್ತು ಕಳಚಿಬೀಳುತ್ತದೆ. ಇಡೀ ಪದವನ್ನು ಒಂದೇ ಬಾರಿಗೆ ಕ್ಯಾನ್ವಾಸ್ ಮೇಲೆ ಪಠ್ಯ ಬರೆಯುವ ಫಿಲ್‌ಟೆಕ್ಸ್ಟ್‌ಗೆ (fillText) ಕೊಡಿ, ಅಗಲವನ್ನೂ ಇಡೀ ಪದಕ್ಕೇ ಅಳೆಯಿರಿ. ಮೊದಲ ಬಾರಿ ಬೇರೆ ಫಾಂಟ್ ಬಂದು, ಎರಡನೆಯ ಬಾರಿ ಸರಿಯಾದರೆ ಫಾಂಟ್ ಬರುವ ಮುನ್ನವೇ ಗ್ರಾಫ್ ಬಿಡಿಸಿದ್ದೀರಿ ಎಂದರ್ಥ. ಕ್ಯಾನ್ವಾಸ್ ತಾನಾಗಿ ಮತ್ತೆ ಬರೆದುಕೊಳ್ಳುವುದಿಲ್ಲ. ಫಾಂಟ್ ತರಿಸುವ document.fonts.load ಮುಗಿಯುವವರೆಗೆ ಕಾದು ಬಿಡಿಸಬೇಕು. ಫಾಂಟ್ ಫೈಲು ತಂತ್ರಾಂಶದೊಳಗೇ ಇರಲಿ, ಮಳೆಗಾಲದ ಮಲೆನಾಡಿನಲ್ಲಿ ನೆಟ್‌ವರ್ಕ್ ನಂಬಿ ಫಾಂಟ್ ತರಿಸುವುದು ತರವಲ್ಲ.

ಗೆರೆಗಳು ಮಸುಕಾಗಿದ್ದರೆ ಡಿವೈಸ್ ಪಿಕ್ಸೆಲ್ ರೇಷಿಯೊಗೆ (ಪುಟದ ಒಂದು ಪಿಕ್ಸೆಲ್‌ಗೆ ಪರದೆಯ ಎಷ್ಟು ಪಿಕ್ಸೆಲ್ ಎಂಬ ಅನುಪಾತ) ತಕ್ಕಂತೆ ಕ್ಯಾನ್ವಾಸ್ ಅಳತೆಯನ್ನು ಹಿಗ್ಗಿಸಬೇಕು. ಗ್ರಾಫನ್ನು ಚಿತ್ರವಾಗಿ ಉಳಿಸುವಾಗ ಸೆಕ್ಯುರಿಟಿ ಎರರ್ ಬಂದರೆ, ಹಿನ್ನೆಲೆಯ ನಕ್ಷೆಯ ಚಿತ್ರ ಬೇರೆ ವೆಬ್ ತಾಣದಿಂದ ಬಂದಿದೆಯೇ ಎಂದು ನೋಡಿ.

ಇಷ್ಟಾದ ಮೇಲೂ ಉಳಿದದ್ದನ್ನು ಕೇಳಿ. ಇಡೀ ತಂತ್ರಾಂಶ ಕಳಿಸಬೇಡಿ. ದೋಷ ಮಾತ್ರ ಉಳಿಯುವಂತೆ ಒಂದು ಸಣ್ಣ ಪುಟ ಮಾಡಿ, ಅದರೊಂದಿಗೆ ಬ್ರೌಸರ್ ಹೆಸರು, ಆವೃತ್ತಿ ತಿಳಿಸುವ ಯೂಸರ್ ಏಜೆಂಟ್ ಸಾಲನ್ನೂ, ಆ ಮೊದಲ ಕೆಂಪು ಸಾಲನ್ನೂ, ನೀವು ಬಯಸಿದ್ದೇನು, ಕಂಡದ್ದೇನು ಎಂಬುದನ್ನೂ ಬರೆಯಿರಿ. ಕಾರ್ಮಿಕರ ಹೆಸರು, ಕೂಲಿಯ ಮೊತ್ತ ಆ ಪುಟದಲ್ಲಿ ಖಂಡಿತ ಇರಕೂಡದು; ಮಳೆಯ ಇಂಚು, ಸೆಂಟುಗಳನ್ನೂ (ಇಂಚಿನ ನೂರನೇ ಒಂದು ಭಾಗ) ಕಲ್ಪಿಸಿ ಬರೆದರೆ ಸಾಕು. ಉತ್ತರಿಸುವವರು ಒಂದು ಸಲಕ್ಕೆ ಒಂದೇ ಬದಲಾವಣೆ ಸೂಚಿಸಿ, ಅದು ಏಕೆಂದು ತಿಳಿಸಬೇಕು. ಕಾರಣ ತಿಳಿಯದೆ ಅಂಟಿಸಿದ ಕೋಡ್ ಮುಂದಿನ ಅಪ್‌ಡೇಟ್‌ನಲ್ಲಿ ಕೈಕೊಟ್ಟರೆ ಅದನ್ನು ಸರಿಪಡಿಸಲು ಯಾರಿಗೂ ತೋಚದು. ಕೇಳಿದವರು ಯಾವುದರಿಂದ ಸರಿಹೋಯಿತೆಂದು ಮರಳಿ ತಿಳಿಸಲೇಬೇಕು.

ತೋಟದ ಕಚೇರಿಗೆ ಒಪ್ಪಿಸುವ ಮುನ್ನ ಡಿಬಗ್ಗಿಂಗ್ ಮುಚ್ಚಿ, ಪೋರ್ಟ್ ತೆಗೆದುಹಾಕಿ. ತೆರೆದೇ ಬಿಟ್ಟರೆ ಬಟವಾಡೆಯ ಪುಟವನ್ನು ಹೊರಗಿನವರೂ ಅದೇ ದಾರಿಯಿಂದ ನೋಡಬಲ್ಲರು.