ತಾರಸಿಯಿಂದ ಬಾಹ್ಯಾಕಾಶ ನಿಲ್ದಾಣ: ಮೈಸೂರು, ಮಂಡ್ಯದವರು ನೋಡುವ, ಫೋಟೊ ತೆಗೆಯುವ ಬಗೆ

2025ರ ಜೂನ್‌ನಲ್ಲಿ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಹೋಗಿ 18 ದಿನ ಇದ್ದು ಬಂದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ನೋಡಲು ದೂರದರ್ಶಕ ಬೇಡ, ಬರಿಗಣ್ಣು ಸಾಕು. ಸುಮಾರು 420 ಕಿ.ಮೀ. ಎತ್ತರದಲ್ಲಿ, 93 ನಿಮಿಷಕ್ಕೊಮ್ಮೆ ಭೂಮಿ ಸುತ್ತುವ ಅದಕ್ಕೆ ಸ್ವಂತ ಬೆಳಕಿಲ್ಲ. ನಮಗೆ ಕತ್ತಲಾಗಿರಬೇಕು, ಅದರ ಮೇಲೆ ಇನ್ನೂ ಬಿಸಿಲು ಬೀಳುತ್ತಿರಬೇಕು. ಹೀಗಾಗಿ ಕಾಣುವುದು ಮುಸ್ಸಂಜೆ ಕಳೆದ ಒಂದೂವರೆ ಗಂಟೆಯೊಳಗೆ, ಇಲ್ಲವೇ ಬೆಳಗಾಗುವ ಮುಂಚಿನ ಅಷ್ಟೇ ಹೊತ್ತು.

ಸಮಯ ತಿಳಿಯಲು ನಾಸಾದ ಸ್ಪಾಟ್ ದ ಸ್ಟೇಷನ್ ಆ್ಯಪ್ ಅಥವಾ ಹೆವೆನ್ಸ್ ಅಬವ್ ಜಾಲತಾಣ ನೋಡಿ. ಜಾಗಕ್ಕೆ ಬೆಂಗಳೂರು ಹಾಕಬೇಡಿ. ಮೈಸೂರಿಗೆ 12.30 ಉತ್ತರ, 76.65 ಪೂರ್ವ, ಮಂಡ್ಯಕ್ಕೆ 12.52, 76.90. ನಿಲ್ದಾಣ ವಾಯವ್ಯದಿಂದ ಆಗ್ನೇಯಕ್ಕೆ ಹೋಗುವ ದಿನ, ಬೆಂಗಳೂರಿನಲ್ಲಿ ನೆತ್ತಿಯ ಮೇಲಿದ್ದದ್ದು ಮೈಸೂರಿನಲ್ಲಿ 15 ಡಿಗ್ರಿಗೂ ಹೆಚ್ಚು ವಾಲಿರುತ್ತದೆ. ನೈಋತ್ಯದಿಂದ ಈಶಾನ್ಯಕ್ಕಾದರೆ ಎತ್ತರ ಅಷ್ಟು ಬದಲಾಗದು, ಸಮಯ ಕಾಲು ನಿಮಿಷದಷ್ಟು ಹಿಂದುಮುಂದಾಗುತ್ತದೆ. ನಮ್ಮ ಆಕಾಶದಲ್ಲಿ ಅದಕ್ಕಿರುವುದು ಹೆಚ್ಚುಕಡಿಮೆ ಈ ಎರಡೇ ಹಾದಿ. ವಾಸ್ತು ನೋಡಿ ಮನೆ ಕಟ್ಟಿದವರಿಗಂತೂ ಮೂಲೆಗಳನ್ನು ಹೇಳಿಕೊಡಬೇಕಿಲ್ಲ! ಪೂರ್ವದಿಂದ ಪಶ್ಚಿಮಕ್ಕೆ ಹೋದದ್ದು ನಿಲ್ದಾಣವಲ್ಲ. ಮಿನುಗುವ ಕೆಂಪು ದೀಪವಿದ್ದರೆ ವಿಮಾನ.

ಅಲ್ಲಿ ಸಿಗುವ ಸಮಯದ ಪಟ್ಟಿಯಲ್ಲಿ ಗರಿಷ್ಠ ಎತ್ತರ (ದಿಗಂತ 0, ನೆತ್ತಿ 90 ಡಿಗ್ರಿ) 40 ಡಿಗ್ರಿ ದಾಟಿದ ದಿನವನ್ನೇ ಆರಿಸಿ. ತೋಳು ಚಾಚಿ ಹಿಡಿದ ಮುಷ್ಟಿ 10 ಡಿಗ್ರಿ, ಅಗಲಿಸಿದ ಗೇಣು ಸುಮಾರು 20. ನಿಲ್ದಾಣ 40 ಡಿಗ್ರಿಗಿಂತ ಕೆಳಗೆ ಹೋದರೆ ಊರಿನ ದೀಪ, ತೆಂಗಿನ ಮರ ಅಡ್ಡ ಬರುತ್ತವೆ. ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯದ ಕಡೆ ಆಲೆಮನೆ ಹೊಗೆಯೂ ಸೇರುತ್ತದೆ. ನಿಲ್ದಾಣದ ಕಕ್ಷೆಯನ್ನು ಆಗಾಗ ಎತ್ತರಿಸುವುದರಿಂದ ವಾರದ ಹಿಂದೆ ಬರೆದಿಟ್ಟ ಸಮಯ ನಂಬಬೇಡಿ, ಅದೇ ದಿನ ಮತ್ತೊಮ್ಮೆ ನೋಡಿ.

ಜೂನ್‌ನಿಂದ ಸೆಪ್ಟೆಂಬರ್ ಮೋಡದ ಪಾಲು. ಚಳಿಗಾಲದ ಸಂಜೆ ಉತ್ತಮ. ಅದೇ ಚಳಿಗಾಲದ ಬೆಳಗಿನ ಜಾವ ನಾಲೆ ಬಯಲಿನ ಗದ್ದೆಗಳ ಮೇಲೆ ಮಂಜು ಕೂತಿರುತ್ತದೆ, ಆಗ ಮೇಲುಕೋಟೆಯಂಥ ಎತ್ತರದ ಜಾಗ ವಾಸಿ.

ಫೋಟೊಗೆ ಫೋನಿನ ನೈಟ್ ಮೋಡ್ ಬೇಡ. ಅದು ಹಲವು ಚಿತ್ರಗಳನ್ನು ಕೂಡಿಸುವಾಗ ಚಲಿಸುವ ಬೆಳಕನ್ನು ತುಂಡರಿಸುತ್ತದೆ, ಕೆಲವೊಮ್ಮೆ ಅಳಿಸಿಯೇ ಬಿಡುತ್ತದೆ. ಎಲ್ಲವನ್ನೂ ನಾವೇ ಹೊಂದಿಸುವ ಪ್ರೊ ಮೋಡ್‌ಗೆ ಹೋಗಿ, ಫೋಕಸ್ ಅನಂತಕ್ಕೆ ಇಟ್ಟು, ಐಎಸ್ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 200, ಶಟರ್ 10 ಸೆಕೆಂಡ್ ಹಾಕಿ. ಟ್ರೈಪಾಡ್ ಕಡ್ಡಾಯ, ಬೆರಳು ತಾಕಿದರೂ ಗೆರೆ ನಡುಗುವುದರಿಂದ 2 ಸೆಕೆಂಡಿನ ಟೈಮರ್ ಇಡಿ. ಹತ್ತು ನಿಮಿಷ ಮುಂಚೆ ಒಂದು ಪರೀಕ್ಷಾ ಚಿತ್ರ ತೆಗೆಯಿರಿ. ಆಕಾಶ ಬೆಳ್ಳಗೆ ಬಂದರೆ ಐಎಸ್ಒ 100ಕ್ಕೆ ಇಳಿಸಿ, ಆಗಲೂ ಹಾಗೇ ಇದ್ದರೆ ಶಟರ್ 5 ಸೆಕೆಂಡ್ ಮಾಡಿ. ಮೇಲುಕೋಟೆಯ ಕತ್ತಲಲ್ಲಿ ಐಎಸ್ಒ 400 ಕೂಡ ನಡೆಯುತ್ತದೆ.

ನೆತ್ತಿಯ ಬಳಿ ನಿಲ್ದಾಣ ಸೆಕೆಂಡಿಗೆ ಸುಮಾರು ಒಂದು ಡಿಗ್ರಿ ಓಡುತ್ತದೆ, ಅಂದರೆ 10 ಸೆಕೆಂಡಿಗೆ ಒಂದು ಮುಷ್ಟಿಯುದ್ದದ ಗೆರೆ. ಉದ್ದ ಗೆರೆ ಬೇಕಿದ್ದರೆ ಫೋನು ಕದಲಿಸದೆ ಒಂದರ ಹಿಂದೊಂದು ತೆಗೆದು, ಎಡಿಟಿಂಗ್ ಆ್ಯಪ್‌ನಲ್ಲಿ ಬೆಳಕಿನ ಭಾಗಗಳನ್ನಷ್ಟೇ ಉಳಿಸಿ ಕೂಡಿಸುವ ಲೈಟನ್ ಆಯ್ಕೆಯಿಂದ ಜೋಡಿಸಿ. ಎರಡು ಚಿತ್ರಗಳ ನಡುವೆ ಟೈಮರ್ ತಿಂದಷ್ಟು ಜಾಗ ಗೆರೆಯಲ್ಲಿ ಖಾಲಿ ಉಳಿಯುತ್ತದೆ. ಅದು ಬೇಡವಾದರೆ ಟೈಮರ್ ಬಿಟ್ಟು ಬ್ಲೂಟೂತ್ ರಿಮೋಟ್ ಬಳಸಿ.

ಸಂಜೆ ಹೊತ್ತು ಪೂರ್ವದ ಕಡೆ ಇಳಿಯುವಾಗ ನಿಲ್ದಾಣ ಇದ್ದಕ್ಕಿದ್ದಂತೆ ಕೆಂಪಾಗಿ ಮಂಕಾಗಿ ಮಾಯವಾದರೆ ಗಾಬರಿ ಬೇಡ, ಭೂಮಿಯ ನೆರಳಿಗೆ ಹೊಕ್ಕಿದೆ ಅಷ್ಟೆ. ಬೆಳಗಿನ ಜಾವ ಇದೇ ಆಟ ತಿರುಗುಮುರುಗು: ಪಶ್ಚಿಮದ ಆಕಾಶದಲ್ಲಿ, ಏನೂ ಇಲ್ಲದ ಕಡೆಯಿಂದ ಹೊತ್ತಿಕೊಂಡು ಬರುತ್ತದೆ. ಆಗ ಕ್ಯಾಮೆರಾವನ್ನು ದಿಗಂತಕ್ಕಲ್ಲ, ಪಟ್ಟಿಯಲ್ಲಿ ಮೊದಲು ಕಾಣುವ ಎತ್ತರ ಎಂದು ಕೊಟ್ಟಿರುವ ಕಡೆಗೆ ತಿರುಗಿಸಿಡಿ.