ಇಪ್ಪತ್ಮೂರನೇ ಗುಂಡು

ಕೆಲಸದ ಮೇಲೆ ಅಮೆರಿಕದಲ್ಲಿದ್ದಾಗ ಯಾರದೋ ಮನೆಯ ಗ್ಯಾರೇಜ್ ಸೇಲ್‌ನಲ್ಲಿ ಟಿವಿಗೆ ಜೋಡಿಸಿ ಆಡೋ ಹಳೇ ವಿಡಿಯೊ ಗೇಮ್ ಯಂತ್ರ ಅಟಾರಿ 2600 ಸಿಕ್ಕಿತು. ಜೊತೆಗೆ 1980ರ ಸ್ಪೇಸ್ ಇನ್ವೇಡರ್ಸ್ ಆಟದ ಕಾರ್ಟ್ರಿಜ್. ಮೇಲಿಂದ ಇಳಿದು ಬರೋ ಏಲಿಯನ್‌ಗಳನ್ನು ಗುಂಡು ಹೊಡೆದು ಉರುಳಿಸಬೇಕು, ಅವು ನೆಲ ಮುಟ್ಟಿದರೆ ಆಟ ಮುಗೀತು. ಆರು ಸಾಲು, ಸಾಲಿಗೆ ಆರು, ಒಟ್ಟು 36 ಏಲಿಯನ್. ಮೇಲೆ ಹಾದುಹೋಗುವ ಹಾರುವ ತಟ್ಟೆಗೆ ಯಾವಾಗ ಹೊಡೆದರೂ 200 ಅಂಕ. ಎರಡು ತಿಂಗಳು ಆಡಿ, ಇನ್ನು ನನ್ನನ್ನು ಹಿಡಿಯೋರಿಲ್ಲ ಅಂದುಕೊಂಡೆ.

ಆಮೇಲೆ ಪಕ್ಕದ ಊರಿನ ಆರ್ಕೇಡ್‌ನಲ್ಲಿ, ಅಂದರೆ ವಿಡಿಯೊ ಗೇಮ್ ಅಂಗಡಿಯಲ್ಲಿ, ಇದೇ ಆಟದ ಅಸಲಿ ಯಂತ್ರ ಕಂಡಿತು. 1978ರಲ್ಲಿ ಜಪಾನಿನ ಟೈಟೊ ಕಂಪನಿಗಾಗಿ ತೊಮೊಹಿರೊ ನಿಶಿಕಾಡೊ ರೂಪಿಸಿದ ಆಟ. ಇಲ್ಲಿ 55 ಏಲಿಯನ್. ಆ ಕಾಲದ ಚಿಪ್ ಒಂದು ಸಲಕ್ಕೆ ಒಂದನ್ನೇ ಸರಿಸುತ್ತೆ. ಹಾಗಾಗಿ ಸತ್ತಷ್ಟೂ ಉಳಿದವು ಓಡುತ್ತವೆ. ಕೊನೆಯದಂತೂ ಹುಚ್ಚು ನಾಯಿ ಥರ! ಆದರೆ ನನ್ನನ್ನು ಕಾಡಿದ್ದು ತಟ್ಟೆ. ಒಮ್ಮೆ 50, ಒಮ್ಮೆ 150, ಒಮ್ಮೆ 100. ಅದೃಷ್ಟದ ಆಟ ಇರಬೇಕು ಅಂದುಕೊಂಡೆ. ಪಕ್ಕದಲ್ಲಿ ನಿಂತಿದ್ದ ಬಿಳಿಗಡ್ಡದವರೊಬ್ಬರು, "ಅದು ಎಷ್ಟನೇ ಗುಂಡು?" ಅಂತ ಕೇಳಿದರು. ನಾನು ಎಣಿಸಿಯೇ ಇರಲಿಲ್ಲ.

ವಿಷಯ ಇಷ್ಟೇ. ನಿಮ್ಮ 23ನೇ ಗುಂಡು ತಟ್ಟೆಗೆ ಬಿದ್ದರೆ 300. ಅಲ್ಲಿಂದ ಮುಂದೆ ಪ್ರತಿ 15ನೇ ಗುಂಡಿಗೆ 300. ಎಲ್ಲ ಏಲಿಯನ್‌ಗಳನ್ನೂ ಹೊಡೆದರೆ ಬರೋದು 990 ಮಾತ್ರ. ಅಂದರೆ ಒಂದು ತಟ್ಟೆ ಹತ್ತಿರ ಹತ್ತಿರ ಮೂರನೇ ಒಂದು ಭಾಗ. ಬಿಡೋಕಾಗುತ್ತಾ?

ಎಣಿಸೋದೇ ಕಷ್ಟವಾಯಿತು. "ಇಪ್ಪತ್ತೊಂದು" ಅಂತ ಮನಸ್ಸಿನಲ್ಲಿ ಹೇಳಿ ಮುಗಿಸೋದರೊಳಗೆ ಮುಂದಿನ ಗುಂಡು ಹೋಗಿರುತ್ತಿತ್ತು. ಬೆರಳ ಗೆಣ್ಣು ಹಿಡಿಯೋಣ ಅಂದರೆ ಎರಡೂ ಕೈ ಕೆಲಸದಲ್ಲಿ. ಕೊನೆಗೆ ಕಂಬದ ಲೆಕ್ಕ ಹಿಡಿದೆ. ಒಂದು ಕಂಬದಲ್ಲಿ ಐದು ಏಲಿಯನ್. ನಾಲ್ಕು ಕಂಬ ಕೆಡವಿದರೆ 20, ಇನ್ನೆರಡು ಹೊಡೆದು ನಿಲ್ಲೋದು. ಗುರಿ ತಪ್ಪಿದ ಗುಂಡೂ ಲೆಕ್ಕಕ್ಕೆ ಸೇರುತ್ತೆ, ಅದನ್ನು ಮರೀಬಾರದು. ತಟ್ಟೆ ಸುಮಾರು 25 ಸೆಕೆಂಡಿಗೊಮ್ಮೆ ಬರುತ್ತೆ. ಯಾವ ಕಡೆಯಿಂದ ಅನ್ನೋದನ್ನೂ ಗುಂಡಿನ ಲೆಕ್ಕವೇ ಹೇಳುತ್ತೆ. ಸಮ ಆದರೆ ಒಂದು ಕಡೆ, ಬೆಸ ಆದರೆ ಇನ್ನೊಂದು ಕಡೆ. 18ರಲ್ಲೇ ತಟ್ಟೆ ಬಂದುಬಿಟ್ಟರೆ ಸುಮ್ನೆ ನೋಡುತ್ತಾ ನಿಲ್ಲಬೇಕು. ಹೊಟ್ಟೆ ಉರಿಯುತ್ತೆ.

ನನ್ನ ತಲೆ ಜಾಸ್ತಿ ತಿಂದಿದ್ದು ಮೂರನೇ 300. ಎಂಟಕ್ಕಿಂತ ಕಡಿಮೆ ಏಲಿಯನ್ ಉಳಿದರೆ ತಟ್ಟೆ ಬರೋದೇ ಇಲ್ಲ. ಒಂದೂ ಗುರಿ ತಪ್ಪದೆ ಆಡಿದರೆ 22, ಮತ್ತೆ 14, ಮತ್ತೆ 14 ಸತ್ತು ಉಳಿಯೋದು ಐದೇ. ಗುರಿ ಚೆನ್ನಾಗಿದ್ದರೆ ನಷ್ಟ, ಹೇಗಿದೆ ನೋಡಿ! ಅದಕ್ಕೇ ಮೂರ್ನಾಲ್ಕು ಗುಂಡನ್ನು ಬೇಕಂತಲೇ ನನಗೆ ಮರೆಯಾಗಿರೋ ಗೋಡೆಗೇ ಹೊಡೆಯುತ್ತೇನೆ. ಗೋಡೆಯಲ್ಲಿ ಸಣ್ಣ ಕಿಂಡಿ ಆಗುತ್ತೆ, ಅದರ ಹಿಂದೆ ನಿಂತೇ ಮುಂದಿನ ಕಂಬ ಕೆಡವಬಹುದು.

ಮೂರೂ 300 ಒಂದೇ ಅಲೆಯಲ್ಲಿ, ಅಂದರೆ ಒಂದೇ 55ರ ತಂಡ ಮುಗಿಯೋದರೊಳಗೆ, ಸಿಕ್ಕಿದ್ದು ಒಂದೇ ಸಲ. ಖುಷಿಯಲ್ಲಿ ಬಿಳಿಗಡ್ಡದವರ ಕಡೆ ತಿರುಗಿದೆ. ಅಷ್ಟರಲ್ಲಿ ಉಳಿದಿದ್ದ ಎಂಟು ನೆಲ ಮುಟ್ಟಿದವು.