ಮುಂದೆ ಹೋಗಿ ಕಲಿತ ರಿವರ್ಸ್

ಟ್ರೈಲರ್ ಹತ್ತುವ ಮೊದಲು ಆರು ವರ್ಷ ಸಾದಾ ಲಾರಿ ಓಡಿಸಿದ್ದೆ. ರಿವರ್ಸ್ ನನಗೇನು ಹೊಸದಾ ಅಂದುಕೊಂಡು 40 ಅಡಿ ಟ್ರೈಲರ್ ಹತ್ತಿದೆ. ಮೊದಲ ದಿನ, ಖಾಲಿ ಯಾರ್ಡಿನಲ್ಲಿ, ಎರಡು ಡ್ರಮ್ಮುಗಳ ನಡುವೆ ಹಿಂದೆ ತೆಗೆಯೋಕೆ ಆಗದೆ ಬೆವರಿಬಿಟ್ಟೆ.

ಲಾರಿಯಲ್ಲಿ ಕೂತ ಅಭ್ಯಾಸವೇ ಅಡ್ಡ ಬಂದಿತ್ತು. ಹಿಂದೆ ಬರುವಾಗ ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಟ್ರೈಲರಿನ ಹಿಂಭಾಗ ಎಡಕ್ಕೆ ಹೋಗುತ್ತದೆ. ಬಾಯಲ್ಲಿ ಹೇಳೋದು ಸುಲಭ, ಗಾಬರಿಯಾದಾಗ ಕೈ ಮಾತು ಕೇಳಲ್ಲ. ಹಿರಿಯ ಡ್ರೈವರ್ ಒಬ್ಬರು ನನ್ನ ಕೈಯನ್ನು ಸ್ಟೇರಿಂಗಿನ ತಳಕ್ಕೆ, ಗಡಿಯಾರದಲ್ಲಿ 6 ಇರುವ ಜಾಗಕ್ಕೆ ಇಟ್ಟರು. "ಹಿಂಭಾಗ ಎತ್ತ ಹೋಗ್ಬೇಕೋ ಕೈ ಅತ್ತ ಸರಿಸು. ಲೆಕ್ಕ ಹಾಕ್ಬೇಡ" ಅಂದರು. ಅರ್ಧ ಗಂಟೆಯಲ್ಲಿ ಡ್ರಮ್ಮಿನ ನಡುವೆ ನುಗ್ಗಿಸಿದೆ.

ನೇರ ಬರುವಾಗ ಇನ್ನೊಂದು ಗುರುತು ಇದೆ. ಯಾವ ಮಿರರಿನಲ್ಲಿ ಟ್ರೈಲರ್ ಜಾಸ್ತಿ ಕಾಣಿಸೋಕೆ ಶುರುವಾಯ್ತೋ, ಸ್ಟೇರಿಂಗನ್ನು ಆ ಕಡೆಗೇ ಸ್ವಲ್ಪ ತಿರುಗಿಸಬೇಕು. ಸ್ವಲ್ಪ ಅಂದರೆ ಸ್ವಲ್ಪವೇ. ಉದ್ದದ ಟ್ರೈಲರ್ ತಡವಾಗಿ ಮಾತು ಕೇಳುತ್ತದೆ. ಇನ್ನೂ ತಿರುಗಿಲ್ಲವಲ್ಲ ಅಂತ ನಾವು ಮತ್ತೆ ತಿರುಗಿಸುತ್ತೇವೆ, ಆಮೇಲೆ ಅದು ಒಮ್ಮೆಲೇ ಮಡಚಿಕೊಳ್ಳುತ್ತದೆ. ಹಾಗೆ ಮಡಚಿಕೊಂಡ ಮೇಲೆ ಹಿಂದೆ ಹೋದಷ್ಟೂ ಕೆಡುತ್ತದೆ, ಟ್ರೈಲರಿನ ಮೂಲೆ ಕ್ಯಾಬಿನ್ನಿಗೇ ತಾಗಬಹುದು. ಮುಂದಕ್ಕೆ ಎಳೆದು ನೇರ ಮಾಡಿಕೊಳ್ಳದೆ ಬೇರೆ ದಾರಿಯಿಲ್ಲ.

ಈ ಮುಂದಕ್ಕೆ ಎಳೆಯೋದು ಇದೆಯಲ್ಲ, ನನಗೆ ಅದೇ ಅವಮಾನ ಅನಿಸುತ್ತಿತ್ತು. ಯಾರೋ ನೋಡ್ತಿದ್ದಾರೆ ಅಂತ ಒಂದೇ ಸಲಕ್ಕೆ ಹಾಕೋಕೆ ಹೋಗುತ್ತಿದ್ದೆ. ಒಂದು ಗೋಡೌನಿನಲ್ಲಿ ಡ್ರೈವರ್ ಕಡೆಯ ಮಿರರನ್ನೇ ನೋಡುತ್ತಾ ಚೆಂದವಾಗಿ ಬಾಗಿಲಿಗೆ ತಂದಿದ್ದೆ. ಟ್ರೈಲರ್ ಹಿಂದೆಯೇ ಕ್ಯಾಬಿನ್ ನೇರ ಮಾಡುವಾಗ ಗಾಡಿಯ ಮೂತಿ ಆಚೆ ಕಡೆಗೆ ಬೀಸಿತು. ಅಲ್ಲೊಂದು ಕಂಬ. ಬಂಪರಿನ ಎಡಮೂಲೆ ಒಳಕ್ಕೆ ಹೋಯ್ತು. ಹಿಂದೆ ತೆಗೆಯುವಾಗ ಹಿಂದೆ ಮಾತ್ರ ನೋಡಿದರೆ ಹೀಗೇ ಆಗೋದು.

ಅಂದಿನಿಂದ ಗೇಟಿನ ಹತ್ತಿರ ನಿಲ್ಲಿಸಿ ಮೊದಲು ಇಳಿಯುತ್ತೇನೆ. ಕಂಬ, ಗುಂಡಿ, ತಲೆ ಮೇಲಿನ ವೈರು, ಛಾವಣಿಯ ಅಂಚು, ಎಲ್ಲ ನಡೆದೇ ನೋಡುತ್ತೇನೆ. ಆಮೇಲೆ ಬಾಗಿಲು ದಾಟಿ ಮುಂದೆ ಹೋಗಿ, ಟ್ರೈಲರಿನ ಬಾಲ ಆಗಲೇ ಬಾಗಿಲ ಕಡೆ ಓರೆಯಾಗುವಂತೆ ನಿಲ್ಲಿಸುತ್ತೇನೆ. ಇಷ್ಟು ಸರಿಯಾದರೆ ಮುಕ್ಕಾಲು ಕೆಲಸ ಮುಗಿದಂತೆ. ಉಳಿದಿದ್ದಕ್ಕೆ ಆಕ್ಸಿಲರೇಟರ್ ಮುಟ್ಟೋದೇ ಬೇಡ, ಗಾಡಿ ತಾನಾಗಿ ತೆವಳಿದರೆ ಸಾಕು. ಕಣ್ಣು ಟ್ರೈಲರಿನ ಹಿಂದಿನ ಚಕ್ರದ ಮೇಲೆ, ನಡುನಡುವೆ ಆಚೆ ಮಿರರಿಗೆ, ಮೂತಿಗೆ. ಹಿಂದೆ ಸನ್ನೆ ಮಾಡುವ ಹುಡುಗ ಮಿರರಿನಿಂದ ಮರೆಯಾದ ಕ್ಷಣ ಬ್ರೇಕ್.

ಡ್ರೈವರ್ ಕೂರದ ಕಡೆಗೆ ಓರೆಯಾಗಿ ಹಿಂದೆ ತೆಗೆಯೋದು ಮಾತ್ರ ನನಗೆ ಈಗಲೂ ಇಷ್ಟವಿಲ್ಲ. ಗಾಡಿ ಮಡಚಿದ ಕೂಡಲೇ ಆ ಮಿರರಿನಲ್ಲಿ ಟ್ರೈಲರಿನ ಪಕ್ಕ ಬಿಟ್ಟು ಏನೂ ಕಾಣಲ್ಲ. ಜಾಗ ಇದ್ದರೆ ಇಡೀ ಯಾರ್ಡು ಒಂದು ಸುತ್ತು ಹಾಕಿ ನನ್ನ ಕಡೆಯಿಂದಲೇ ಬರುತ್ತೇನೆ. ಡೀಸೆಲ್ ಸ್ವಲ್ಪ ಜಾಸ್ತಿ ಹೋಗುತ್ತೆ. ಹೋಗಲಿ.